ಒಂದೇ ಪಂಚೆಯ ಎರಡು ರಕ್ತ

ನನ್ನ ಬಾಯಿ ದೊಡ್ಡದು. ಗುರುವಾಯನಕೆರೆಯಲ್ಲಿ ಬಸ್ಸಿಳಿದು ನನ್ನ ಹೋಟೆಲಿಗೆ ನೀರುದೋಸೆ ತಿನ್ನಲು ಬರುವವರೆಲ್ಲರಿಗೂ ಇದು ಗೊತ್ತು. ಒಳಗೆ ಒಂದು ಗ್ಲಾಸು ಒಡೆದರೆ ನನ್ನ ಬೊಬ್ಬೆ ಬಸ್‌ಸ್ಟ್ಯಾಂಡಿನವರೆಗೆ ಕೇಳುತ್ತದೆ. ಹಳೆ ಗಿರಾಕಿಗಳು ತಲೆ ಎತ್ತಿ ನೋಡುವುದೂ ಇಲ್ಲ, ಸಾಂಬಾರಿಗೆ ಕೈ ಚಾಚುತ್ತಾರೆ. ಹೊಸಬರು ಯಾರಾದರೂ ಗಾಬರಿಯಾದರೆ ಅವರೇ ಸಮಾಧಾನ ಮಾಡುತ್ತಾರೆ, "ಅದು ಬಾಯಿ ಮಾತ್ರ ಮಾರಾಯ್ರೆ, ಮನುಷ್ಯ ಚಿನ್ನ" ಎಂದು. ಈ ಮಾತು ಕೇಳಿದಾಗ ನನಗೆ ಒಳಗೊಳಗೇ ಖುಷಿ. ಮೂಗಿನ ತುದಿಯಲ್ಲಿ ಕೋಪ ಇರುವವನ ಮನಸ್ಸು ಶುದ್ಧ ಎಂದು ನಮ್ಮಲ್ಲಿ ಹೇಳುವುದುಂಟು. ಇಂಥದ್ದನ್ನು ಹುಟ್ಟಿಸಿದವರೂ ನನ್ನಂಥವರೇ ಇರಬೇಕು.

ಮನೆ ಮಡಂತ್ಯಾರಿನಿಂದ ಒಳಗೆ. ನಮ್ಮ ಜಾಗಕ್ಕೂ ಪಕ್ಕದ ಮನೆಯವರ ಜಾಗಕ್ಕೂ ನಡುವೆ ಒಂದು ತೋಡು ಹರಿಯುತ್ತದೆ. ಮಳೆಗಾಲ ಮುಗಿದ ಮೇಲೆ ಎರಡೂ ಮನೆಯವರು ಸೇರಿ ಅದಕ್ಕೆ ಅಡ್ಡಲಾಗಿ ಕಲ್ಲು, ಮಣ್ಣು ಹಾಕಿ ಕಟ್ಟ ಕಟ್ಟುತ್ತೇವೆ. ನಿಂತ ನೀರನ್ನು ಇಬ್ಬರೂ ಪಂಪಿನಲ್ಲಿ ಎತ್ತುತ್ತೇವೆ. ಪಕ್ಕದ ಮನೆಯ ಯಜಮಾನ ವರಸೆಯಲ್ಲಿ ನನಗೆ ಭಾವ. ಈ ಸಲ ಭಾವ ದೊಡ್ಡ ಮೋಟಾರು ತಂದು ಕೂರಿಸಿದ. ಬೆಳಿಗ್ಗೆ ಎದ್ದು ನೋಡಿದರೆ ಕಟ್ಟದಲ್ಲಿ ಕಪ್ಪೆ ಮುಳುಗುವಷ್ಟೂ ನೀರಿಲ್ಲ! ನಾನು ತೋಡಿನ ಈ ಬದಿಯಲ್ಲಿ ನಿಂತು, ಎರಡೂ ಮನೆಯ ಕೆಲಸದವರು ಕೇಳುವಂತೆ ತುಳುವಿನಲ್ಲಿ ಬಯ್ದೆ. ತುಳುವಿನಲ್ಲಿ ಬಯ್ದದ್ದನ್ನು ಕನ್ನಡದಲ್ಲಿ ಬರೆದರೆ ಅರ್ಧ ಖಾರ ಹೋಗುತ್ತದೆ. ಆದರೂ ಕೊನೆಯ ಮಾತು ಇಷ್ಟು: "ಇನ್ನೊಮ್ಮೆ ಮೋಟಾರು ಹಾಕಿದ್ರೆ ನಿನ್ನ ತಲೆ ಒಡೆದು ಇದೇ ಕಟ್ಟಕ್ಕೆ ಹಾಕ್ತೇನೆ, ನೋಡ್ತಾ ಇರು!" ನನ್ನ ಹೆಂಡತಿ ಬಟ್ಟೆ ಬುಟ್ಟಿ ಹಿಡಿದುಕೊಂಡು ನನ್ನ ಹಿಂದೆಯೇ ನಿಂತಿದ್ದಳು.

ಅದಾಗಿ ಬಂದ ಭಾನುವಾರ ನಾನು ಬೆಳ್ತಂಗಡಿಯ ಆಚೆ ಒಂದು ಗುಡ್ಡಕ್ಕೆ ಹೋದೆ. ಅಲ್ಲಿ ಕೋಳಿಅಂಕ ಇತ್ತು. ಕೋಳಿಯ ಕಾಲಿಗೆ ಬಾಳು ಎನ್ನುವ ಚಿಕ್ಕ ಕತ್ತಿ ಕಟ್ಟಿ ಕಾದಾಡಿಸುವ ಆಟ ಅದು. ನಮ್ಮ ಕಡೆಯ ಗಂಡಸಿಗೆ ಅದರ ರುಚಿ ಹತ್ತಿದರೆ ಬಿಡಿಸುವುದು ಕಷ್ಟ. ಹಣ ಕಟ್ಟಿ ಆಡುವ ಜುಗಾರಿ ಇರುವುದರಿಂದ ಪೊಲೀಸರು ಓಡಿಸುತ್ತಾರೆ, ಇವರು ಇನ್ನೊಂದು ಗುಡ್ಡ ಹತ್ತುತ್ತಾರೆ. ನಾನು ಹೋದದ್ದು ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಯಾಕೆಂದರೆ ನಾನು ನಮ್ಮೂರಿನ ದೈವಸ್ಥಾನದ ಸಮಿತಿಯ ಅಧ್ಯಕ್ಷ. ಹಿಂದಿನ ತಿಂಗಳಷ್ಟೇ ಮೈಕು ಹಿಡಿದು, "ಕೋಳಿಅಂಕದ ಹೆಸರಿನಲ್ಲಿ ಜುಗಾರಿ ಆಡಿ ನಮ್ಮ ಹುಡುಗರು ಹಾಳಾಗುತ್ತಿದ್ದಾರೆ" ಎಂದು ಭಾಷಣ ಮಾಡಿದ್ದೆ. ಜನ ಚಪ್ಪಾಳೆ ಹೊಡೆದಿದ್ದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಪರಿಚಯದವರೊಬ್ಬರ ಕೋಳಿಯನ್ನು ನಾನೇ ಎತ್ತಿ ಹಿಡಿದುಕೊಂಡಿದ್ದೆ. ಎರಡನೇ ಸಲ ಬಿಡುವ ಮೊದಲೇ ಅದಕ್ಕೆ ಗಾಯವಾಗಿತ್ತು. ರೆಕ್ಕೆ ಬಡಿದ ರಭಸಕ್ಕೆ ರಕ್ತ ನನ್ನ ಬಿಳಿ ಪಂಚೆಯ ಮೇಲೆಲ್ಲ ಸಿಡಿಯಿತು. ಸ್ಕೂಟರಿನಲ್ಲಿದ್ದ ಲುಂಗಿ ಸುತ್ತಿಕೊಂಡು, ಪಂಚೆಯನ್ನು ಮುದ್ದೆ ಮಾಡಿ ತಂದೆ. ಹೊಸ ಪಂಚೆ, ಎಸೆಯಲು ಮನಸ್ಸಾಗಲಿಲ್ಲ. ಮನೆಗೆ ಒಯ್ದರೆ ಹೆಂಡತಿ ಕೇಳುತ್ತಾಳೆ. ಹೊತ್ತು ಕಂತುವ ಸಮಯಕ್ಕೆ ನೇರ ತೋಡಿಗಿಳಿದು, ಒಗೆಯುವ ಕಲ್ಲಿನ ಮೇಲಿದ್ದ ಸೋಪಿನ ತುಂಡಿನಿಂದ ಉಜ್ಜಿದೆ. ಕೆಂಪು ಹೋಗಿ ಚಹಾದ ಕಲೆಯಂತೆ ಕಂದು ಉಳಿಯಿತು. ಸಾಕು ಎಂದುಕೊಂಡು ಕಟ್ಟಿಗೆ ಕೊಟ್ಟಿಗೆಯ ಹಿಂದೆ ಹರಡಿದೆ.

ಅದೇ ಹೊತ್ತಿನಲ್ಲಿ, ತೋಡು ತಿರುಗುವ ಕಡೆ, ನನ್ನ ಕಣ್ಣಿಗೆ ಕಾಣದಲ್ಲಿ, ಭಾವ ತನ್ನ ಪಂಪಿನ ಪಕ್ಕದ ಕಲ್ಲುಗಳ ಮೇಲೆ ತಲೆ ಒಡೆದುಕೊಂಡು ಬಿದ್ದಿದ್ದ. ಅವನ ಹೆಂಡತಿಯ ಕೂಗು ಕೇಳಿ ನಾವೆಲ್ಲ ಓಡಿದೆವು. ಅವನನ್ನು ಜೀಪಿಗೆ ಎತ್ತಿ ಹಾಕಿದವರಲ್ಲಿ ನಾನೂ ಒಬ್ಬ. ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಪ್ರಜ್ಞೆ ಬರಲಿಲ್ಲ.

ಮರುದಿನ ಸಂಜೆ ಪೇದೆಯೊಬ್ಬ ಬಂದು ವಿಚಾರಿಸಿದ. ನಾನು ಭಾವನಿಗೆ ಬಯ್ದದ್ದು ಊರಿಗೆಲ್ಲ ಗೊತ್ತು. ಅದಲ್ಲದೆ ದನ ಅಟ್ಟಿಕೊಂಡು ಬಂದ ಒಬ್ಬಳು, ಕತ್ತಲಾಗುವ ಹೊತ್ತಿಗೆ ನಾನು ತೋಡಿನಲ್ಲಿ ಬಿಳಿ ಬಟ್ಟೆ ಒಗೆಯುವುದನ್ನು ನೋಡಿದ್ದಳಂತೆ.

"ಮನೆಯಲ್ಲಿ ವಾಷಿಂಗ್ ಮಷಿನ್ ಉಂಟಲ್ಲ ನಿಮ್ಗೆ. ತೋಡಿನಲ್ಲಿ ಎಂತ ಒಗೆದದ್ದು?" ಎಂದು ಪೇದೆ ಕೇಳಿದ.

"ಕೆಸರಾಗಿತ್ತು" ಎಂದೆ.

"ಎಸ್ಸೈ ನಾಳೆ ಬರ್ತಾರೆ. ಆ ಬಟ್ಟೆ ತೆಗೆದಿಡಿ" ಎಂದು ಹೇಳಿ ಹೋದ.

ಆ ಹೊತ್ತಿಗೇ ಕೋಳಿಯ ವಿಷಯ ಹೇಳಿದ್ದರೆ ಮುಗಿದು ಹೋಗುತ್ತಿತ್ತು. ಬಾಯಿ ಬರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ, ನನ್ನದು ಕೋಳಿಗೆ ಹೋಗುವುದರಲ್ಲಿತ್ತು. ನಾನು ಯಾರನ್ನೂ ಹೊಡೆದಿಲ್ಲ, ಇವತ್ತಲ್ಲ ನಾಳೆ ಭಾವನಿಗೆ ಎಚ್ಚರವಾದರೆ ಅವನೇ ಹೇಳುತ್ತಾನೆ, ಅಲ್ಲಿಯವರೆಗೆ ತುಟಿ ಹೊಲಿದುಕೊಂಡಿರುವ ಎಂದು ಲೆಕ್ಕ ಹಾಕಿದೆ. ಅವನಿಗೆ ಎಚ್ಚರವೇ ಆಗದಿದ್ದರೆ? ಅದನ್ನು ಯೋಚಿಸಲಿಲ್ಲ.

ಬೆಳಿಗ್ಗೆ ಎಸ್ಸೈ ಬಂದರು. ನಾನು ಚಾವಡಿಯಲ್ಲಿ ಏನು ಹೇಳುವುದೆಂದು ತೊದಲುತ್ತಿರುವಾಗ ಹೆಂಡತಿ ಒಳಗಿನಿಂದ ಪಂಚೆ ಹಿಡಿದುಕೊಂಡು ಬಂದಳು. ಎಡಗೈಯ ಬೆರಳಿಗೆ ಬಟ್ಟೆ ಸುತ್ತಿತ್ತು.

"ಇದರಲ್ಲಿ ಇರುವುದು ನನ್ನ ರಕ್ತ ಸಾರ್" ಎಂದಳು. "ಭಾನುವಾರ ತರಕಾರಿ ಹೆಚ್ಚುವಾಗ ಮೆಟ್ಟುಕತ್ತಿಯಲ್ಲಿ ಕೈ ಕೊಯ್ದುಕೊಂಡೆ. ಹತ್ತಿರ ಇದೇ ಸಿಕ್ಕಿತು, ಒರಸಿದೆ. ಹೊಸ ಪಂಚೆ ಹಾಳಾಯ್ತು ಅಂತ ಇವ್ರೇ ಕೋಪದಲ್ಲಿ ತೋಡಿಗೆ ತಗೊಂಡು ಹೋದ್ರು."

ಎಸ್ಸೈ ಅವಳ ಮುಖವನ್ನೂ ನನ್ನ ಮುಖವನ್ನೂ ನೋಡಿದರು. "ಸರಿ ಅಮ್ಮ, ಪರೀಕ್ಷೆಗೆ ಹೋಗ್ಲಿ" ಎಂದು ಪಂಚೆಯನ್ನು ಕಾಗದದ ಲಕೋಟೆಗೆ ಹಾಕಿ, ಸೀಲು ಮಾಡಿಸಿ ಒಯ್ದರು.

ನನಗೆ ಆಗ ಆದದ್ದು ಸಂತೋಷ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ. ಇವಳಿಗೆ ಹೇಗೋ ಕೋಳಿಅಂಕದ ವಿಷಯ ಗೊತ್ತಾಗಿದೆ, ಗಂಡನ ಮರ್ಯಾದೆ ಉಳಿಸಲು ಸುಳ್ಳು ಹೇಳಿದಳು, ಎಂಥ ಜಾಣೆ ಎಂದುಕೊಂಡೆ. ಬೆರಳಿಗೆ ಸುತ್ತಿದ ಬಟ್ಟೆ ಬರೀ ತೋರಿಕೆಗೆ ಎಂದುಕೊಂಡೆ. ಅವಳೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ವಾರ ಒಂದು ಬೆಳಿಗ್ಗೆ ತೆಂಗಿನಕಾಯಿ ತುರಿಯಲು ತಡವಾಯಿತೆಂದು ಅವಳ ಮೇಲೆ ರೇಗಿದೆ ಕೂಡ. "ಒಂದು ಕಾಯಿ ತುರಿಯಲಿಕ್ಕೆ ಎಷ್ಟು ಹೊತ್ತು ಮಾರಾಯ್ತಿ, ನಿದ್ರೆ ಬಂತಾ?" ಎಂದೆ. ಅವಳು ಒಂದು ಕೈಯಲ್ಲೇ ಕಾಯಿ ಹಿಡಿದುಕೊಳ್ಳಲು ಒದ್ದಾಡುತ್ತಿದ್ದುದು ಈಗ ನೆನಪಿಗೆ ಬರುತ್ತದೆ. ಆಗ ಕಂಡರೂ ಕಂಡಿರಲಿಲ್ಲ.

ಹೋಟೆಲಿನಲ್ಲಿ ಗಿರಾಕಿಗಳ ಮಾತು ಕಡಿಮೆಯಾಯಿತು. ನಾನು ಗಲ್ಲಾಪೆಟ್ಟಿಗೆಯ ಮುಂದೆ ಕೂತರೆ ಮೇಜುಗಳಲ್ಲಿ ಪಿಸುಪಿಸು ನಿಲ್ಲುತ್ತಿತ್ತು. ಒಳಗೆ ಗ್ಲಾಸು ಒಡೆದರೆ ಈಗ ಎಲ್ಲರೂ ತಲೆ ಎತ್ತಿ ನನ್ನನ್ನು ನೋಡುತ್ತಿದ್ದರು.

ಒಂದು ದಿನ ಎಸ್ಸೈ ಫೋನು ಮಾಡಿ, ಗಂಡ ಹೆಂಡತಿ ಇಬ್ಬರೂ ಮೂಡುಬಿದಿರೆಗೆ ಬರಬೇಕು ಎಂದರು. ಅಲ್ಲಿಯ ಒಂದು ಕಾಲೇಜಿನಲ್ಲಿ ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ ಎಂಬುದು ಬಂದಿದೆ, ಅಪರಾಧ ಪ್ರಯೋಗಾಲಯದವರು ಪಂಚೆಯನ್ನು ಕತ್ತರಿಸಿ ಪರೀಕ್ಷೆ ಮಾಡುವ ಮೊದಲು ಅದರಲ್ಲಿ ಚಿತ್ರ ತೆಗೆದಿದ್ದಾರೆ, ಬಟ್ಟೆಯನ್ನು ಹೇಗೆ ಒಗೆದದ್ದು, ಎಲ್ಲಿ ಒಣಗಿಸಿದ್ದು ಎಂದು ತಿಳಿಯದೆ ಚಿತ್ರ ಸರಿಯಾಗಿ ಓದಲಾಗುವುದಿಲ್ಲವಂತೆ. ಅಷ್ಟೆಯಾ ಎಂದು ಧೈರ್ಯ ಬಂತು. ವೇಣೂರು ದಾಟಿ ಮೂಡುಬಿದಿರೆ ಮುಟ್ಟುವವರೆಗೂ ಹೆಂಡತಿ ಕಾರಿನ ಕಿಟಕಿಯಿಂದ ಹೊರಗೆ ನೋಡುತ್ತ ಕೂತಿದ್ದಳು. ನಾನು ಎಸಿ ಜಾಸ್ತಿಯಾಯಿತೇ ಎಂದು ಒಮ್ಮೆ ಕೇಳಿದೆ, ಇಲ್ಲ ಎಂದಳು.

ಪ್ರಯೋಗಾಲಯದ ಅಧಿಕಾರಿ ನನ್ನ ಮಗಳ ಪ್ರಾಯದ ಹೆಣ್ಣುಮಗಳು. ಕಿಟಕಿಗೆಲ್ಲ ಕಪ್ಪು ಪರದೆ ಹಾಕಿದ ಕೋಣೆ. ಮೇಜಿನ ಮೇಲೆ ನನ್ನ ಪಂಚೆ ಹರಡಿತ್ತು, ಎರಡೂ ಬದಿಯಿಂದ ದೀಪ, ಮೇಲಿಂದ ಕೆಳಗೆ ಮುಖ ಮಾಡಿದ ಕ್ಯಾಮೆರಾ. ಇಷ್ಟು ಜನರ ಮುಂದೆ ನನ್ನ ಪಂಚೆ ಬಿಚ್ಚಿ ಹಾಕಿದ್ದು ನೋಡಿಯೇ ನಾನು ನಾಚಿಕೆಯಿಂದ ಹಿಡಿಯಷ್ಟಾದೆ.

"ನಮ್ಮ ಕಣ್ಣಿಗೆ ಕಂದು ಅಂದ್ರೆ ಕಂದು, ಅಷ್ಟೆ" ಎಂದು ಆಕೆ ನಿಧಾನವಾಗಿ ವಿವರಿಸಿದಳು. "ಈ ಕ್ಯಾಮೆರಾ ಬೆಳಕನ್ನು ಸಣ್ಣ ಸಣ್ಣ ಪಾಲು ಮಾಡಿ ನೋಡ್ತದೆ. ಪ್ರತಿಯೊಂದು ವಸ್ತು ಕೆಲವು ಪಾಲನ್ನು ನುಂಗ್ತದೆ, ಕೆಲವನ್ನು ವಾಪಸು ಕಳಿಸ್ತದೆ. ರಕ್ತದ್ದು ಒಂದು ರೀತಿ, ಎಲೆಅಡಿಕೆ ಉಗುಳಿನದ್ದು ಇನ್ನೊಂದು ರೀತಿ."

ನನಗೆ ಅರ್ಥವಾಯಿತು. ನನ್ನ ಹೋಟೆಲಿನ ಅಡಿಗೆಯವ ಬೇರೆಯವರ ಸಾಂಬಾರು ನಾಲಿಗೆಗೆ ಹಚ್ಚಿ, ಕೊತ್ತಂಬರಿ ಎಷ್ಟು, ಮೆಂತ್ಯ ಎಷ್ಟು ಎಂದು ಬಿಡಿಸಿ ಹೇಳುತ್ತಾನೆ, ಹಾಗೆಯೇ ಇದು. ಕಂಪ್ಯೂಟರಿನ ಪರದೆಯಲ್ಲಿ ಪಂಚೆ ಬೂದು ಬಣ್ಣದಲ್ಲಿ ಕಾಣಿಸಿತು. ಅಂಚಿನ ಹತ್ತಿರ ಹಸಿರು ಚುಕ್ಕೆಗಳು.

"ಇದು ಎಲೆಅಡಿಕೆ" ಎಂದಳು.

ಎಲೆಅಡಿಕೆ ಬಿಟ್ಟಿದ್ದೇನೆ ಎಂದು ಮನೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಹೆಂಡತಿ ನನ್ನ ಕಡೆ ತಿರುಗಲೂ ಇಲ್ಲ. ನಾನು ಮಾತ್ರ ನೆಲ ನೋಡಿದೆ. ಇನ್ನೇನೇನು ಕಾಣುತ್ತದಪ್ಪ ದೇವರೇ ಎನಿಸಿತು.

ನಡುವಿನಲ್ಲಿ ಸಿಡಿದಂತೆ ತುಂಬಾ ಕಡೆ ಕಿತ್ತಳೆ ಬಣ್ಣ. ಅದರ ಮೇಲೆ ಒಂದೇ ಕಡೆ, ಒತ್ತಿ ಒರಸಿದಂತೆ, ಕಡು ಕೆಂಪು.

"ಎರಡೂ ರಕ್ತವೇ" ಎಂದಳು ಅಧಿಕಾರಿ. "ಆದ್ರೆ ರಕ್ತ ಹಳತಾದ ಹಾಗೆ ಅದರೊಳಗಿನ ಕೆಂಪು ಅಂಶ ಬದಲಾಗ್ತಾ ಹೋಗ್ತದೆ. ಕ್ಯಾಮೆರಾಕ್ಕೆ ಅದು ಗೊತ್ತಾಗ್ತದೆ. ಇವೆರಡೂ ಒಂದೇ ಹೊತ್ತಿನದ್ದಲ್ಲ. ಯಾವ ದಿನ ಅಂತ ಖಡಾಖಂಡಿತ ಹೇಳ್ಲಿಕ್ಕೆ ಆಗುದಿಲ್ಲ. ಸೋಪು, ಬಿಸಿಲು ಎಲ್ಲ ಲೆಕ್ಕಕ್ಕೆ ಬರ್ತದೆ." ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, "ಅಮ್ಮ, ನಿಮ್ಮ ಕೈಯ ರಕ್ತ ಒರಸಿದ ಮೇಲೆ ತೋಡಿನಲ್ಲಿ ಒಗೆದದ್ದು ಅಲ್ವಾ?" ಎಂದು ಕೇಳಿದಳು.

"ಹೌದು" ಎಂದಳು ಹೆಂಡತಿ.

"ಈ ಕೆಂಪಿನ ಮೇಲೆ ನೀರೇ ಬೀಳ್ಲಿಲ್ಲವಲ್ಲ ಅಮ್ಮ. ಕಿತ್ತಳೆ ಮಾತ್ರ ಒಗೆದದ್ದು. ಪಂಚೆ ಒಣಗಿದ ಮೇಲೆ ಕೆಂಪು ಬಂದದ್ದು."

ಹೆಂಡತಿ ಎಡಗೈಯನ್ನು ಸೆರಗಿನ ಒಳಗೆ ಎಳೆದುಕೊಂಡಳು. ಆಗ ನಾನು ಆ ಬೆರಳನ್ನು ಮೊದಲ ಸಲ ಸರಿಯಾಗಿ ನೋಡಿದೆ. ಸುತ್ತಿದ್ದ ಬಟ್ಟೆಯ ಕೆಳಗೆ ಬೆರಳು ಬುಡದವರೆಗೆ ಊದಿತ್ತು.

ಎಸ್ಸೈ ಗದರಿಸಲಿಲ್ಲ. ಮೆಲ್ಲನೆ ಕೇಳಿದರು, "ನೀವೇ ಕೊಯ್ದುಕೊಂಡದ್ದಾ ಅಮ್ಮ?"

ಅವಳು ಎರಡೂ ಕೈ ಜೋಡಿಸಿದಳು. ನನ್ನ ಹೆಂಡತಿ ದೇವರ ಮುಂದೆ ಬಿಟ್ಟರೆ ಯಾರ ಮುಂದೆಯೂ ಹಾಗೆ ಕೈ ಜೋಡಿಸಿದ್ದನ್ನು ನಾನು ನೋಡಿಲ್ಲ.

"ಅವ್ರಿಗೆ ಕೋಪ ಬಂದ್ರೆ ಎಂತ ಮಾಡ್ತೇನೆ ಅಂತ ಗೊತ್ತಾಗುದಿಲ್ಲ ಸಾರ್. ಬೇಕು ಅಂತ ಹೊಡೆದದ್ದು ಖಂಡಿತ ಅಲ್ಲ. ಮನುಷ್ಯ ಕೆಟ್ಟವರಲ್ಲ. ಪ್ರಾಯ ಆಯ್ತು, ಶುಗರ್ ಉಂಟು. ಜೈಲಿಗೆ ಹಾಕಿದ್ರೆ ತಡೆಯುದಿಲ್ಲ ಸಾರ್."

ಅಯ್ಯೋ! ಇವಳಿಗೆ ಕೋಳಿಅಂಕದ ವಿಷಯ ಏನೇನೂ ಗೊತ್ತಿಲ್ಲ. ಕಟ್ಟಿಗೆ ಕೊಟ್ಟಿಗೆಯ ಹಿಂದೆ ಪಂಚೆಯ ಕಲೆ ನೋಡಿದವಳು, ನಾನು ಭಾವನ ತಲೆ ಒಡೆದೆ ಎಂದೇ ನಂಬಿದ್ದಾಳೆ. ನಂಬಿ, ಮೆಟ್ಟುಕತ್ತಿಗೆ ಬೆರಳು ಕೊಟ್ಟಿದ್ದಾಳೆ. ಇಷ್ಟು ದಿನ ಒಬ್ಬನ ತಲೆ ಒಡೆದವನಿಗೆ ದೋಸೆ ಹೊಯ್ದು ಹಾಕುತ್ತಿದ್ದೇನೆ ಎಂದುಕೊಂಡೇ ನನಗೆ ದೋಸೆ ಹೊಯ್ದು ಹಾಕಿದ್ದಾಳೆ.

"ಕೋಳಿದು!" ಎಂದು ಕಿರುಚಿದೆ. ಎಲ್ಲರೂ ಬೆಚ್ಚಿದರು. "ಅದು ಕೋಳಿ ರಕ್ತ ಸಾರ್. ನಾನು ಅಂಕಕ್ಕೆ ಹೋಗಿದ್ದೆ. ದೈವದಾಣೆಗೂ ಕೋಳಿದು."

ಗುಡ್ಡದ ಹೆಸರು, ಕೋಳಿ ಯಾರದ್ದು, ಯಾರ್ಯಾರು ಇದ್ದರು, ಎಲ್ಲ ಒದರಿದೆ. ಎಸ್ಸೈ ಅಧಿಕಾರಿಯ ಮುಖ ನೋಡಿದರು. "ಕೋಳಿದಾ ಮನುಷ್ಯಂದಾ ಅಂತ ಇದರಲ್ಲಿ ಗೊತ್ತಾಗ್ತದಾ?"

"ಇಲ್ಲ ಸಾರ್. ಇದು ರಕ್ತ ಹೌದು ಅಂತ ಮಾತ್ರ ಹೇಳ್ತದೆ. ಯಾವುದರದ್ದು ಅಂತ ತಿಳಿಯಲಿಕ್ಕೆ ಬೇರೆ ಪರೀಕ್ಷೆ ಆಗ್ಬೇಕು. ಮಾಡ್ತೇವೆ."

ಹೆಂಡತಿ ನನ್ನನ್ನೇ ನೋಡುತ್ತಿದ್ದಳು. "ಕೋಳಿದಾ?" ಎಂದಳು. "ನಿಜವಾಗಿ ಕೋಳಿದಾ?" ಎಂದು ಇನ್ನೊಮ್ಮೆ ಕೇಳಿ ನಗಲು ಶುರು ಮಾಡಿದಳು. ನಗು ನಿಲ್ಲಲಿಲ್ಲ, ನಗುತ್ತಲೇ ಅಳು ಬಂತು. ಅಧಿಕಾರಿ ಹೆಣ್ಣುಮಗಳು ಕುರ್ಚಿ ತಂದು ಅವಳನ್ನು ಕೂರಿಸಿ, ಬೆರಳಿನ ಬಟ್ಟೆ ಬಿಚ್ಚಿ ನೋಡಿದಳು. "ಇದಕ್ಕೆ ಹೊಲಿಗೆ ಹಾಕಿಸ್ಬೇಕಿತ್ತಲ್ಲ ಅಮ್ಮ, ಮನೆಯಲ್ಲಿ ಯಾರೂ ನೋಡ್ಲಿಲ್ವಾ?" ಎಂದು ಕೇಳಿದಳು. ಮನೆಯಲ್ಲಿ ಇದ್ದವನು ನಾನೊಬ್ಬನೇ. ಮುಖ ಎಲ್ಲಿಡಲಿ ಎಂದು ತಿಳಿಯದೆ ಆ ಕಪ್ಪು ಪರದೆಯ ಕಡೆ ತಿರುಗಿ ನಿಂತೆ. ನೆಲ ಬಿರಿದರೆ ಇಳಿದು ಹೋಗುತ್ತಿದ್ದೆ.

ಆಮೇಲಿನದ್ದು ಬೇಗ ಹೇಳಿ ಮುಗಿಸುತ್ತೇನೆ. ಮತ್ತೊಂದು ಪರೀಕ್ಷೆಯಲ್ಲಿ ಕಿತ್ತಳೆ ಕಲೆ ಕೋಳಿಯದ್ದೇ ಎಂದು ಬಂತು. ಭಾವನಿಗೂ ಎಚ್ಚರವಾಯಿತು. ಪಂಪಿನ ಪೈಪು ಎತ್ತಲು ಹೋಗಿ ಪಾಚಿಯಲ್ಲಿ ಜಾರಿದೆ ಎಂದು ಅವನೇ ಹೇಳಿಕೆ ಕೊಟ್ಟ. ನಾನು ಆಸ್ಪತ್ರೆಗೆ ಹೋದಾಗ, "ನೀನು ಹೇಳಿದ ಹಾಗೇ ಆಯ್ತು ನೋಡು ಭಾವ, ತಲೆ ಕಟ್ಟದಲ್ಲೇ ಒಡೆಯಿತು, ಎಂಥ ಕರಿನಾಲಿಗೆ ಮಾರಾಯ ನಿನ್ನದು" ಎಂದು ನಕ್ಕ. ಸಮಿತಿಗೆ ರಾಜೀನಾಮೆ ಬರೆದು ಕೊಟ್ಟೆ. ಜುಗಾರಿಯ ಕೇಸಿಗೆ ಬಂಟ್ವಾಳದ ವಕೀಲರೊಬ್ಬರನ್ನು ಹಿಡಿದಿದ್ದೇನೆ. ಹೋಟೆಲಿನಲ್ಲಿ ಗಿರಾಕಿಗಳಿಗೆ ಬಾಯಿ ಮರಳಿ ಬಂತು. "ಅಣ್ಣ, ಇವತ್ತಿನ ಕೋಳಿ ಸುಕ್ಕ ಅಂಕದ ಕೋಳಿದಾ?" ಎಂದು ಕೇಳುತ್ತಾರೆ. ಕೇಳಲಿ. ಅದು ನಾಚಿಕೆಯೇ ಹೌದು, ಆದರೆ ನಕ್ಕರೆ ಕಳೆಯುವ ನಾಚಿಕೆ. ಊರಿಡೀ ನನ್ನನ್ನು ಕಳ್ಳ ಎಂದರೂ ನಾನು ಜಗಳ ಮಾಡಿ ಬದುಕಿಯೇನು.

ಕಳೆಯದೆ ಉಳಿದದ್ದು ಒಂದೇ. ಅದನ್ನು ಕೇಳಲು ನನಗೆ ತುಂಬ ದಿನ ಧೈರ್ಯ ಬರಲಿಲ್ಲ. ಒಂದು ಮಧ್ಯಾಹ್ನ ಊಟವಾದ ಮೇಲೆ ಅವಳು ಅಡಿಗೆಮನೆಯಲ್ಲಿ ಕೂತು ಸಂಜೆಗೆ ಸೌತೆಕಾಯಿ ಹೆಚ್ಚುತ್ತಿದ್ದಳು. ಬೆರಳು ಗುಣವಾಗಿತ್ತು, ತುದಿ ಮಾತ್ರ ಮಡಚುವುದಿಲ್ಲ. ನಾನು ಎದುರಿಗೆ ಮಣೆ ಹಾಕಿ ಕೂತೆ.

"ಆ ಪಂಚೆಯನ್ನು ಸುಟ್ಟು ಬಿಡಬಹುದಿತ್ತಲ್ಲ" ಎಂದೆ.

"ಸುಟ್ರೆ ಸಂಶಯ ಜಾಸ್ತಿ ಆಗ್ತದೆ ಅಂತ ಕಂಡಿತು. ರಕ್ತ ಯಾರದ್ದು ಅಂತ ಕೇಳಿದ್ರೆ ಒಬ್ರು ನನ್ನದು ಅಂತ ಹೇಳ್ಬೇಕಲ್ಲ."

"ನನ್ನ ಹತ್ತಿರ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ನೀವು ಬೊಬ್ಬೆ ಹಾಕ್ತಿದ್ರಿ."

ಆದರೂ ನನ್ನೊಳಗಿನ ಹುಂಬ ಸುಮ್ಮನಾಗಲಿಲ್ಲ. "ನಾನು ಒಬ್ಬನ ತಲೆ ಒಡೆಯುವವನು ಅಂತ ಹೇಗೆ ನಂಬಿದೆ ನೀನು? ಮದುವೆಯಾದ ಮೇಲೆ ಒಂದು ದಿನ ನಿನ್ನ ಮೇಲೆ ಕೈ ಎತ್ತಿದ್ದುಂಟಾ?"

ಅವಳು ಸೌತೆಕಾಯಿಯ ತಿರುಳು ತೆಗೆದು ಬದಿಗಿಟ್ಟಳು. ಕೋಪವಿರಲಿಲ್ಲ ಅವಳ ಮುಖದಲ್ಲಿ. ಬೆಳಿಗ್ಗೆ ಹಾಲು ಬಂತು ಎಂದು ಹೇಳುವಷ್ಟೇ ಸಾದಾ ಹೇಳಿದಳು.

"ಎತ್ತಲಿಲ್ಲ. ಆದ್ರೆ ನೀವು ಬೊಬ್ಬೆ ಹಾಕುವಾಗ್ಲೆಲ್ಲ, ಇವತ್ತು ಎತ್ತಿದ್ರೂ ಎತ್ತಿಯಾರು ಅಂತ ನಾನು ಗೋಡೆಗೆ ಸರಿದು ನಿಲ್ತೇನೆ. ಮದುವೆಯಾಗಿ ಬಂದಲ್ಲಿಂದ ಹಾಗೆಯೇ. ನೀವು ನೋಡ್ಲಿಲ್ಲ, ಅಷ್ಟೆ."

ಹೇಳಿ ಇನ್ನೊಂದು ಸೌತೆಕಾಯಿ ಎತ್ತಿಕೊಂಡಳು. ನನಗೆ ಅಲ್ಲಿ ಕೂತಿರಲು ಆಗುತ್ತಿರಲಿಲ್ಲ. ಎದ್ದು ಎಲ್ಲಿಗಾದರೂ ಹೋಗಬೇಕೆನಿಸಿತು. ಆದರೆ ತಟ್ಟನೆ ಎದ್ದರೆ ಅವಳು ಎಲ್ಲಿ ಹೆದರಿಯಾಳೋ ಎಂದು ಎದ್ದೇಳಲಿಲ್ಲ.